ಕಪ್ಪು ಜಿಟಿಒಗೆ ಬೆಳಕು ಹಿಡಿದ ನನ್ನ ಅನುಭವ

ಮೊದಲ ದಿನ ತೆಗೆದ ಫೋಟೊದಲ್ಲಿ ಕಾರಿನ ಬಾಗಿಲ ಮೇಲೆ ಎದುರು ಮನೆ ಕಾಣುತ್ತಿತ್ತು. ಎರಡು ಮೇಪಲ್ ಮರ, ಒಂದು ಕಸದ ಡಬ್ಬಿ, ನಡುವೆ ಬಿಳಿ ಅಂಗಿ ತೊಟ್ಟು ಕ್ಯಾಮೆರಾ ಹಿಡಿದ ನಾನು. ಎಲ್ಲವೂ ಇತ್ತು, ಕಾರಿನ ಆಕಾರ ಮಾತ್ರ ಇರಲಿಲ್ಲ.

ಕಾರು 1967ರ ಪಾಂಟಿಯಾಕ್ ಜಿಟಿಒ. ಅಚ್ಚ ಕಪ್ಪು ಬಣ್ಣ. ನಾನಿರುವುದು ಡೆಟ್ರಾಯಿಟ್ ಹತ್ತಿರ. ವಾರವೆಲ್ಲ ಎಂಜಿನಿಯರ್ ಕೆಲಸ, ಶನಿವಾರ ಭಾನುವಾರ ಕ್ಯಾಮೆರಾ. ಕಾರಿನ ಯಜಮಾನರು ನಮ್ಮ ಪಕ್ಕದ ಬೀದಿಯ ಹಿರಿಯರು, ಎಪ್ಪತ್ತು ದಾಟಿದವರು. ಒಂಬತ್ತು ವರ್ಷ ತಮ್ಮ ಗರಾಜಿನಲ್ಲೇ ಈ ಕಾರನ್ನು ಪೂರ್ತಿ ಬಿಚ್ಚಿ ಮತ್ತೆ ಕೂರಿಸಿದ್ದಾರೆ. ಮಿಶಿಗನ್‌ನಲ್ಲಿ ಚಳಿಗಾಲ ಬಂದರೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಹಳೇ ಕಾರುಗಳ ತಗಡನ್ನು ತಿಂದುಹಾಕುತ್ತದೆ. ಇವರ ಕಾರಿನಲ್ಲಿ ಹಿಂದಿನ ಚಕ್ರದ ಮೇಲಿನ ತಗಡು ಬೆರಳಲ್ಲಿ ಒತ್ತಿದರೆ ಉದುರುತ್ತಿತ್ತಂತೆ. ಅದನ್ನು ಕತ್ತರಿಸಿ ತೆಗೆದು, ಹೊಸ ತಗಡು ವೆಲ್ಡ್ ಮಾಡಿ, ಉಜ್ಜಿ ಉಜ್ಜಿ ಸಮ ಮಾಡಿದ್ದೇ ಅವರ ದೊಡ್ಡ ಕೆಲಸ.

ಈ ಕಾರಿನ ಬಗ್ಗೆ ಸ್ವಲ್ಪ ಹೇಳಲೇಬೇಕು. 1964ರಲ್ಲಿ ಪಾಂಟಿಯಾಕ್‌ನ ಒಡೆತನದ ಕಂಪನಿ ಜನರಲ್ ಮೋಟರ್ಸ್‌ನಲ್ಲಿ ಒಂದು ಕಟ್ಟಳೆ ಇತ್ತು. ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕುವಂತಿಲ್ಲ ಅಂತ. ಆಗ ಪಾಂಟಿಯಾಕ್‌ನ ಮುಖ್ಯ ಎಂಜಿನಿಯರ್ ಆಗಿದ್ದವರು ಜಾನ್ ಡಿಲೋರಿಯನ್. ಅವರೂ ಅವರ ಜತೆಯವರೂ ಅದಕ್ಕೊಂದು ದಾರಿ ಕಂಡುಕೊಂಡರು. ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ 389 ಕ್ಯೂಬಿಕ್ ಇಂಚಿನ ದೊಡ್ಡ ಎಂಜಿನ್ ಇಟ್ಟು, ಅದನ್ನು ಹೊಸ ಕಾರು ಅನ್ನದೆ, ಬೇಕಾದವರು ಹಾಕಿಸಿಕೊಳ್ಳುವ ಆಪ್ಷನ್ ಅಂತ ಮಾರಿದರು. 5,000 ಕಾರು ಹೋದರೆ ಸಾಕು ಅಂದುಕೊಂಡಿದ್ದರು. ಮೊದಲ ವರ್ಷವೇ 32,450 ಹೋದವು. ಹೀಗೆ ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಎಂಜಿನ್ ಇಟ್ಟ ಮಸಲ್ ಕಾರುಗಳ ಕಾಲ ಜೋರಾಗಿದ್ದೇ ಅಲ್ಲಿಂದ. 1967ರ ಹೊತ್ತಿಗೆ ಎಂಜಿನ್ 400 ಕ್ಯೂಬಿಕ್ ಇಂಚು, ಅಂದರೆ ಸುಮಾರು 6.6 ಲೀಟರ್ ಆಗಿತ್ತು. ಹಿರಿಯರು ಬಾಗಿಲು ತೆಗೆದು ಕಂಬದ ಮೇಲಿನ ನಂಬರ್ ಪಟ್ಟಿ ತೋರಿಸಿದರು. ಶುರುವಿಗೆ 242, ಅಂದರೆ ಅಸಲಿ ಜಿಟಿಒ. ಆಮೇಲೆ P ಅನ್ನುವ ಅಕ್ಷರ, ಅಂದರೆ ಪಾಂಟಿಯಾಕ್ ಊರಿನ ಕಾರ್ಖಾನೆಯಲ್ಲೇ ತಯಾರಾದದ್ದು. ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ.

ಆಗಸ್ಟ್‌ನ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂನಲ್ಲಿ ಹಳೇ ಕಾರುಗಳ ಜಾತ್ರೆ ನಡೆಯುತ್ತದೆ. 1995ರಿಂದ ನಡೆದು ಬಂದದ್ದು. ಅದಕ್ಕೆ ಮೊದಲು ಒಂದು ಒಳ್ಳೆ ಫೋಟೊ ಬೇಕು ಅಂದರು. ಜೂನ್‌ನಲ್ಲಿ ಒಪ್ಪಿಕೊಂಡೆ. ಮದುವೆ, ನಾಮಕರಣ, ಕನ್ನಡ ಕೂಟದ ಕಾರ್ಯಕ್ರಮ ಎಲ್ಲ ತೆಗೆದಿದ್ದೆ. ಕಾರು ತಾನೇ, ಅಲುಗಾಡದೆ ನಿಂತಿರುತ್ತದೆ ಅಂದುಕೊಂಡಿದ್ದೆ.

ಎದುರು ಮನೆ ಬಿದ್ದ ಫೋಟೊ ನೋಡಿದ ಮೇಲೆ ಎರಡು ಫ್ಲ್ಯಾಶ್, ಅವುಗಳ ಬೆಳಕು ಹರಡುವ ಎರಡು ಕೊಡೆ ತಂದು ನಿಲ್ಲಿಸಿದೆ. ಮುಖದ ಮೇಲೆ ಚೆಂದ ಬೀಳುವ ಬೆಳಕು ಅದು. ಕಾರಿನ ಮೇಲೆ ಎರಡು ಬಿಳಿ ಚುಕ್ಕೆ ಬಿದ್ದವು, ಅಷ್ಟೇ. ಉಳಿದದ್ದೆಲ್ಲ ಕಪ್ಪು. ಫ್ಲ್ಯಾಶ್ ಜೋರು ಮಾಡಿದರೆ ಚುಕ್ಕೆ ಇನ್ನೂ ಬೆಳ್ಳಗಾಯಿತು, ಕಾರು ಹಾಗೇ ಉಳಿಯಿತು.

ಯಾಕೆ ಅಂತ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಮೊಬೈಲ್ ಸ್ಕ್ರೀನ್ ಆಫ್ ಮಾಡಿ ಕಿಟಕಿ ಹತ್ತಿರ ಹಿಡಿಯಿರಿ. ಕಿಟಕಿ ಕಡೆ ವಾಲಿಸಿದರೆ ಕಪ್ಪು ಗಾಜು ಬೆಳ್ಳಗಾಗುತ್ತದೆ. ಕತ್ತಲೆ ಮೂಲೆಯ ಕಡೆ ವಾಲಿಸಿದರೆ ಮತ್ತೆ ಕಪ್ಪು. ಬೆಳಕು ಬೀಳುತ್ತಿದೆಯೋ ಇಲ್ಲವೋ ಅನ್ನುವುದಕ್ಕಿಂತ, ಆ ಗಾಜು ಯಾವುದನ್ನು ನೋಡುತ್ತಿದೆ ಅನ್ನುವುದೇ ಮುಖ್ಯ. ಹೊಳೆಯುವ ಕಪ್ಪು ಕಾರೂ ಹಾಗೇ. ಅದಕ್ಕೆ ಬೆಳಕು ಹಾಕಲು ಹೋಗಬಾರದು. ಅದು ನೋಡುವ ಜಾಗಕ್ಕೆ ಬೆಳಕು ಹಾಕಬೇಕು. ಉಬ್ಬಿದ ಭಾಗಗಳು ಏನು ಮಾಡುತ್ತವೆ ಅಂತ ತಿಳಿಯಲು ಊಟದ ಮೇಜಿನ ಮೇಲೆ ಸ್ಟೀಲ್ ಚೊಂಬು ಇಟ್ಟು ಒಂದು ವಾರ ಅಭ್ಯಾಸ ಮಾಡಿದೆ. ಚೊಂಬಿನ ಹೊಟ್ಟೆ ಇಡೀ ಕೋಣೆಯನ್ನೇ ನೋಡುತ್ತದೆ. ಸಣ್ಣ ಬಲ್ಬ್ ಇಟ್ಟರೆ ಚುಕ್ಕೆ. ಬಿಳಿ ಹಾಳೆ ಹಿಡಿದರೆ ಮೇಲಿಂದ ಕೆಳಗಿನವರೆಗೆ ಒಂದು ನುಣುಪಾದ ಪಟ್ಟೆ, ಆ ಪಟ್ಟೆಯಿಂದಲೇ ಚೊಂಬಿನ ಆಕಾರ ಗೊತ್ತಾಗುತ್ತದೆ.

ಆದರೆ ಚೊಂಬಿಗೆ ಎ4 ಹಾಳೆ ಸಾಕು. ಕಾರು 17 ಅಡಿ ಚಿಲ್ಲರೆ ಉದ್ದ. ನನ್ನ ಹೆಂಡತಿ ಆರು ಬಿಳಿ ಬೆಡ್‌ಶೀಟ್ ಸೇರಿಸಿ ಮಿಷನ್‌ನಲ್ಲಿ ಹೊಲಿದುಕೊಟ್ಟಳು. ಪೈಪ್ ನೆಟ್ಟು ಕಾರಿನ ಮೇಲೆ ಚಪ್ಪರದ ಹಾಗೆ ಕಟ್ಟಿದೆವು. ನೋಡಿದರೆ ಹೊಲಿಗೆಗಳೆಲ್ಲ ಬಾನೆಟ್ ಮೇಲೆ ಕಪ್ಪು ಗೆರೆಯಾಗಿ ಬಿದ್ದಿವೆ! ಗಾಳಿ ಬೀಸಿದಾಗ ಬಟ್ಟೆ ಉಬ್ಬಿದರೆ ಬಾನೆಟ್ಟೇ ಡೊಂಕಾದ ಹಾಗೆ ಕಾಣುತ್ತಿತ್ತು. ಒಂದೇ ತುಂಡಿನ ಅಗಲವಾದ ಬಟ್ಟೆ, ಗಟ್ಟಿ ಚೌಕಟ್ಟು, ಮುಚ್ಚಿದ ಜಾಗ ಇದ್ದರೆ ಇದು ಬಹಳ ಒಳ್ಳೆ ವಿಧಾನ. ನಮಗೆ ಮೂರೂ ಇರಲಿಲ್ಲ.

ದಾರಿ ತೋರಿಸಿದ್ದು ಹಿರಿಯರೇ. ಒಂದು ಸಂಜೆ ಗರಾಜಿನಲ್ಲಿ ನಿಂತು ಮಾತಾಡುತ್ತಿದ್ದಾಗ, ತಗಡು ಸಮ ಆಗಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತಿತ್ತು ಅಂತ ಕೇಳಿದೆ. ಗೋಡೆಯ ಟ್ಯೂಬ್‌ಲೈಟ್ ತೋರಿಸಿದರು. ಆಮೇಲೆ ನನ್ನ ಹೆಗಲು ಹಿಡಿದು ಬಗ್ಗಿಸಿ, ಕಾರಿನ ಪಕ್ಕಕ್ಕೆ ಕಣ್ಣು ತಾಗುವ ಹಾಗೆ ನಿಲ್ಲಿಸಿದರು. ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಟ್ಯೂಬ್‌ಲೈಟಿನ ಬೆಳಕು ದಾರ ಎಳೆದ ಹಾಗೆ ಓಡಿತ್ತು. "ತಗಡು ಕೂದಲಷ್ಟು ತಗ್ಗಿದ್ದರೂ ಈ ಗೆರೆ ಹಾವಿನ ಹಾಗೆ ಹೊರಳುತ್ತದೆ. ಹೊರಳಿತೋ, ಮತ್ತೆ ಪುಟ್ಟಿ, ಮತ್ತೆ ಉಜ್ಜುವುದು" ಅಂದರು. ಹಿಂದಿನ ಚಕ್ರದ ಮೇಲಿನ ವೆಲ್ಡ್ ಜಾಗವನ್ನೇ ಎಷ್ಟು ಸಲ ಉಜ್ಜಿದರೋ ಅವರಿಗೇ ಲೆಕ್ಕವಿಲ್ಲ.

ನನಗೆ ಬೇಕಾಗಿದ್ದೂ ಅದೇ ಗೆರೆ. ಹೇಗೆ ತೆಗೆಯಬೇಕು ಅನ್ನುವುದು ಆ ಕ್ಷಣಕ್ಕೇ ತೀರ್ಮಾನವಾಯಿತು. ಕತ್ತಲೆಯಲ್ಲಿ, ಕ್ಯಾಮೆರಾದ ಶಟರ್ ಹಲವು ಸೆಕೆಂಡ್ ತೆರೆದಿಟ್ಟು, ಒಂದು ಎಲ್‌ಇಡಿ ಟ್ಯೂಬ್ ಹಿಡಿದು, ಕಾರಿನ ಉದ್ದಕ್ಕೂ ನಡೆಯುವುದು.

ಜಾಗ ಹುಡುಕಲು ಎರಡು ವಾರ ಬೇಕಾಯಿತು. ಸುತ್ತ ಮರ, ಕಟ್ಟಡ ಇದ್ದರೆ ಎಲ್ಲ ಕಾರಿನ ಮೇಲೆ ಬೀಳುತ್ತದೆ. ಬೀದಿ ದೀಪ ಒಂದೇ ಒಂದು ಇದ್ದರೂ ಹಳದಿ ಕಲೆ. ಕೊನೆಗೆ ಒಂದು ಆಫೀಸ್ ಕಟ್ಟಡದ ಖಾಲಿ ಪಾರ್ಕಿಂಗ್ ಜಾಗ ಸಿಕ್ಕಿತು. ಪಡುವಣ ದಿಕ್ಕು ಪೂರ್ತಿ ಬಯಲು. ಬರವಣಿಗೆಯಲ್ಲಿ ಅನುಮತಿ ತೆಗೆದುಕೊಂಡೆವು. ಒಂದು ಭಾನುವಾರ ರಾತ್ರಿ ದೀಪ ಆರಿಸಿಕೊಡುತ್ತೇವೆ ಅಂದರು.

ಜುಲೈನಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತಕ್ಕೆ. ಮುಳುಗಿದ ಮೇಲೂ ಬೆಳಕು ಬೆಂಗಳೂರಿಗಿಂತ ಜಾಸ್ತಿ ಹೊತ್ತು ಉಳಿಯುತ್ತದೆ. ಮೊದಲ ಅರ್ಧ ಗಂಟೆ ಟ್ಯೂಬ್ ಮುಟ್ಟಲೇ ಇಲ್ಲ. ಕಾರಿನ ಪಕ್ಕವನ್ನು ಪಡುವಣಕ್ಕೆ ತಿರುಗಿಸಿ ನಿಲ್ಲಿಸಿದೆವು. ಬಾಗಿಲ ಮೇಲಿನ ಅರ್ಧದಲ್ಲಿ ಆಕಾಶದ ತಿಳಿ ಬಣ್ಣ, ಕೆಳಗಿನ ಅರ್ಧದಲ್ಲಿ ನೆಲದ ಕಪ್ಪು, ನಡುವೆ ದಿಗಂತದ ಗೆರೆ. ಆಕಾಶಕ್ಕಿಂತ ದೊಡ್ಡ ಬೆಡ್‌ಶೀಟ್ ಎಲ್ಲಿ ಸಿಗುತ್ತದೆ ಹೇಳಿ? ದುಡ್ಡು ಖರ್ಚಿಲ್ಲದೆ ಒಳ್ಳೆ ಫೋಟೊ ಬೇಕು ಅನ್ನುವವರು ಇಷ್ಟೇ ಮಾಡಿದರೂ ಸಾಕು.

ಲೆನ್ಸ್ 85 ಎಂಎಂ, ಫುಲ್‌ಫ್ರೇಮ್ ಕ್ಯಾಮೆರಾ. ಸುಮಾರು 50 ಅಡಿ ದೂರ ನಿಲ್ಲಬೇಕಾಯಿತು. 24 ಎಂಎಂ ಹಾಕಿ ಹತ್ತಿರ ಹೋದರೆ ಮೂತಿ ಊದಿ, ಹಿಂಭಾಗ ಕುಗ್ಗಿಹೋಗುತ್ತದೆ. ಈ ಕಾರಿನ ಚೆಂದ ಇರುವುದೇ ಹಿಂದಿನ ಚಕ್ರದ ಮೇಲೆ ಏಳುವ ಆ ಸೊಂಟದಲ್ಲಿ, ಅದನ್ನು ಕುಗ್ಗಿಸಿದರೆ ಅನ್ಯಾಯ. ಕ್ಯಾಮೆರಾ ಎತ್ತರ ಹೆಡ್‌ಲೈಟ್ ಮಟ್ಟಕ್ಕೆ ಇಳಿಸಿದೆ. ನಿಂತ ಎತ್ತರದಿಂದ ತೆಗೆದರೆ ಕಾರು ಆಟಿಕೆಯ ಹಾಗೆ ಕಾಣುತ್ತದೆ. ಮುಂದಿನ ಚಕ್ರವನ್ನು ಸ್ವಲ್ಪ ತಿರುಗಿಸಿ, ಟೈರಿನ ಹಲ್ಲು ಕಾಣದೆ ರ‍್ಯಾಲಿ ಚಕ್ರದ ಮುಖ ಮತ್ತು ಟೈರಿನ ಕೆಂಪು ಗೆರೆ ಕಾಣುವ ಹಾಗೆ ಮಾಡಿದೆವು.

ಪೂರ್ತಿ ಕತ್ತಲಾದ ಮೇಲೆ ಟ್ಯೂಬ್ ಕೆಲಸ. ನಾಲ್ಕಡಿ ಟ್ಯೂಬನ್ನು ಗೋಡೆಗೆ ಬಣ್ಣ ಹೊಡೆಯುವ ಉದ್ದ ಕೋಲಿಗೆ ಕಟ್ಟಿ, ಹಿಂಬದಿಗೆ ಕಪ್ಪು ಟೇಪ್ ಸುತ್ತಿದ್ದೆ. ಟೇಪ್ ಇಲ್ಲದಿದ್ದರೆ ಬೆಳಕು ಲೆನ್ಸ್‌ಗೇ ಹೊಡೆಯುತ್ತದೆ. ಐಎಸ್‌ಒ 100, ಎಫ್/11, ಶಟರ್ 20 ಸೆಕೆಂಡ್. ಫೋಕಸ್ ಒಮ್ಮೆ ಹಿಡಿದು ಮ್ಯಾನುಯಲ್‌ಗೆ ಹಾಕಿ ಟೇಪ್ ಅಂಟಿಸಿದೆ. ಹೆಂಡತಿ ಅಡಿಯಿಂದ ಮುಡಿವರೆಗೆ ಕಪ್ಪು ಬಟ್ಟೆ ಹಾಕಿಕೊಂಡು ಟ್ಯೂಬ್ ಹಿಡಿದಳು. ನಡೆಯುತ್ತಲೇ ಇದ್ದರೆ ಆಳು ಫೋಟೊದಲ್ಲಿ ಬೀಳುವುದಿಲ್ಲ. ನಿಂತರೆ ನೆರಳು ಬೀಳುತ್ತದೆ.

ಮೊದಲ ಸಲ ಗೆರೆ ಅಲೆಅಲೆಯಾಗಿ ಬಂತು. ಹಿರಿಯರ ಮುಖ ಸಣ್ಣಗಾಯಿತು. ತಗಡಿನದೇ ತಪ್ಪು ಅಂದುಕೊಂಡುಬಿಟ್ಟರು. ನನ್ನ ಹೆಂಡತಿ ಕೂಡಲೇ ಹೇಳಿದಳು, "ರೀ, ಹೆಜ್ಜೆ ಇಡುವಾಗ ಕೋಲು ಮೇಲೆ ಕೆಳಗೆ ಆಗ್ತಿದೆ. ಬಿಂದಿಗೆ ಹೊತ್ತ ಹಾಗೆ ನಡೀತೀನಿ, ಇನ್ನೊಂದು ಸಲ ಒತ್ತಿ." ಮಂಡಿ ಸ್ವಲ್ಪ ಬಗ್ಗಿಸಿ, ಸೊಂಟದ ಮೇಲಿನ ಭಾಗ ಅಲುಗಾಡದ ಹಾಗೆ ನಡೆದಳು. ಊರಲ್ಲಿ ಬೋರ್‌ವೆಲ್‌ನಿಂದ ನೀರು ಹೊತ್ತ ಕಾಲುಗಳು. ಕ್ಯಾಮೆರಾ ಹಿಂದಿನ ಸ್ಕ್ರೀನ್‌ನಲ್ಲಿ ಗೆರೆ ನೆಟ್ಟಗೆ ಬಂದಾಗ ಹಿರಿಯರು ಏನೂ ಮಾತಾಡಲಿಲ್ಲ. ನನ್ನ ಕೈಯಿಂದ ಕ್ಯಾಮೆರಾ ರಿಮೋಟ್ ತೆಗೆದುಕೊಂಡು, ಮುಂದಿನದನ್ನು ತಾವೇ ಒತ್ತಿದರು.

ಒಂದೇ ಫ್ರೇಮ್‌ನಲ್ಲಿ ಎಲ್ಲ ಬರುವುದಿಲ್ಲ. ಕಾರಿನ ಹಿಂದೆ ನಿಂತು ಛಾವಣಿ ಮೇಲೆ ಟ್ಯೂಬ್ ಎತ್ತಿ ಒಂದು. ಪಕ್ಕದಲ್ಲಿ ಸೊಂಟದ ಮಟ್ಟಕ್ಕೆ ಒಂದು. ಗ್ರಿಲ್‌ಗೆ ಒಂದು, ಚಕ್ರಗಳಿಗೆ ನೆಲದ ಹತ್ತಿರ ಒಂದು, ಬಾನೆಟ್‌ಗೆ ಒಂದು. ಒಂದರ ಮೇಲೊಂದು ಕೂತ ಆ ನಾಲ್ಕು ಹೆಡ್‌ಲೈಟ್‌ಗಳಿಗೆ ಬೇರೆಯೇ, ಒಂದೇ ಸೆಕೆಂಡಿನದು. ಎಲ್ಲವನ್ನೂ ಫೋಟೋಶಾಪ್‌ನಲ್ಲಿ ಲೈಟನ್ ಮೋಡ್‌ನಲ್ಲಿ ಒಂದರ ಮೇಲೊಂದು ಇಟ್ಟರೆ, ಪ್ರತಿಯೊಂದರ ಬೆಳಗಿದ ಭಾಗ ಮಾತ್ರ ಉಳಿಯುತ್ತದೆ. ಇದಕ್ಕೆ ಟ್ರೈಪಾಡ್ ಕೂದಲೆಳೆಯಷ್ಟೂ ಸರಿಯಬಾರದು. ಕಾರನ್ನೂ ಮುಟ್ಟಬಾರದು. ನಡುವೆ ಹಿರಿಯರು ಬಾಗಿಲು ತೆಗೆದು ಏನೋ ಎತ್ತಿಕೊಂಡರು, ಸಸ್ಪೆನ್ಶನ್ ಒಂದಿಷ್ಟು ಏರಿಳಿಯಿತು, ಅದುವರೆಗೆ ತೆಗೆದ ಏಳು ಫ್ರೇಮ್ ಹೊಂದಾಣಿಕೆ ತಪ್ಪಿದವು. ಮತ್ತೆ ಮೊದಲಿಂದ ತೆಗೆದೆವು.

ಹತ್ತೂವರೆಗೆ ಇಬ್ಬನಿ ಶುರುವಾಯಿತು. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಕಪ್ಪು ಬಾನೆಟ್ ಮೇಲೆ ತೆಳ್ಳಗೆ ಮಂಜು ಕೂತರೆ ಬೆಳಕಿನ ಗೆರೆ ಹಾಲು ಚೆಲ್ಲಿದ ಹಾಗೆ ಹರಡುತ್ತದೆ. ಒರೆಸಿದರೆ ಗೀಟು ಉಳಿಯುತ್ತದೆ. ಮೊದಲೇ ಮೈಕ್ರೋಫೈಬರ್ ಬಟ್ಟೆ ಐದಾರು ಇಟ್ಟುಕೊಂಡಿರಿ. ಒಂದರಲ್ಲಿ ಒದ್ದೆ ತೆಗೆದು, ಇನ್ನೊಂದರಲ್ಲಿ ಒಣಗಿಸಬೇಕು. ಬಾನೆಟ್ ಮತ್ತು ಛಾವಣಿಯ ಫ್ರೇಮ್‌ಗಳನ್ನು ಮೊದಲು ಮುಗಿಸಿ, ಚಕ್ರ, ಗ್ರಿಲ್ ಕೊನೆಗೆ ಇಟ್ಟುಕೊಳ್ಳಿ.

ಲೆನ್ಸ್ ಮುಂದೆ ಹಾಕಿ ತಿರುಗಿಸುವ ಪೋಲರೈಸರ್ ಅನ್ನುವ ಫಿಲ್ಟರ್ ಬಗ್ಗೆ ಒಂದು ಮಾತು, ಇದು ಬೆಳಕಿರುವಾಗ ತೆಗೆಯುವವರಿಗೆ. ಬಣ್ಣದ ಮೇಲಿನ, ಗಾಜಿನ ಮೇಲಿನ ಹೊಳಪನ್ನು ಅದು ಕಡಿಮೆ ಮಾಡುತ್ತದೆ. ಕ್ರೋಮ್ ಬಂಪರ್ ಮೇಲೆ ಅದರ ಆಟ ನಡೆಯುವುದಿಲ್ಲ, ಬರಿಯ ಲೋಹದ ಹೊಳಪು ಅದಕ್ಕೆ ಬಗ್ಗುವುದಿಲ್ಲ. ಬಂಪರ್‌ನಲ್ಲಿ ನೀವು ಕಾಣಬಾರದು ಅಂದರೆ ಕಪ್ಪು ಬಟ್ಟೆ ಹಾಕಿಕೊಂಡು ದೂರ ನಿಲ್ಲುವುದೊಂದೇ ದಾರಿ. ಪೋಲರೈಸರ್ ತಿರುಗಿಸಿದಾಗ ಪಕ್ಕದ ಕಿಟಕಿ ಗಾಜಿನಲ್ಲಿ ಕಾಮನಬಿಲ್ಲಿನ ಕಲೆ ಎದ್ದು ಕಾಣಬಹುದು. ಗಾಜನ್ನು ಕಾಯಿಸಿ ಗಟ್ಟಿ ಮಾಡಿದ ಒತ್ತಡದ ಗುರುತು ಅದು. ಕಿಟಕಿ ಇಳಿಸಿಬಿಟ್ಟರೆ ತಲೆನೋವೇ ಇಲ್ಲ. ಈ ಕಾರಿಗೆ ಬಾಗಿಲ ನಡುವೆ ಕಂಬವೂ ಇಲ್ಲ, ಎಲ್ಲ ಇಳಿಸಿದರೆ ಪಕ್ಕದ ನೋಟ ಇನ್ನೂ ಚೆಂದ.

ಎಂಜಿನ್ ಫೋಟೊಗಳನ್ನು ಮರುದಿನ ಗರಾಜಿನಲ್ಲಿ ತೆಗೆದೆ. ಪಾಂಟಿಯಾಕ್‌ನ ನೀಲಿ ಎಂಜಿನ್, ಮೇಲೆ ಕ್ರೋಮ್ ಮುಚ್ಚಳ. ಬಾನೆಟ್ ಎತ್ತಿ, ಹೊಲಿಗೆ ಇಲ್ಲದ ಒಂದೇ ಬೆಡ್‌ಶೀಟ್ ಮೇಲೆ ಕಟ್ಟಿ, ಅದರಾಚೆಯಿಂದ ಒಂದು ಫ್ಲ್ಯಾಶ್. ಹತ್ತು ನಿಮಿಷದ ಕೆಲಸ.

ಕಂಪ್ಯೂಟರ್ ಮುಂದೆ ಕೂತಾಗ ಧೂಳು, ಕೋಲಿನ ಗೆರೆ, ಆಕಾಶದಲ್ಲಿ ಟ್ಯೂಬ್ ಬಿಟ್ಟ ಪಟ್ಟೆ, ಇಷ್ಟನ್ನೇ ಅಳಿಸಿದೆ. ಬೆಳಕಿನ ಗೆರೆಯನ್ನು ಮುಟ್ಟಲಿಲ್ಲ. ಅದನ್ನು ಮೌಸ್‌ನಲ್ಲಿ ತಿದ್ದಿ ನೆಟ್ಟಗೆ ಮಾಡುವುದು ಎರಡು ನಿಮಿಷದ ಮಾತು. ಆದರೆ ಅದನ್ನು ನೆಟ್ಟಗೆ ಮಾಡಲು ಒಬ್ಬರು ವರ್ಷಗಟ್ಟಲೆ ಉಜ್ಜಿದ್ದಾರೆ. ಅವರ ಕೈ ಎಷ್ಟು ನೆಟ್ಟಗೆ ತಂದಿದೆಯೋ ಅಷ್ಟೇ ಫೋಟೊದಲ್ಲೂ ಇರಬೇಕು ಅನ್ನುವುದು ನನ್ನ ಹಟ.

30 ಇಂಚು ಅಗಲಕ್ಕೆ ಮ್ಯಾಟ್ ಕಾಗದದಲ್ಲಿ ಪ್ರಿಂಟ್ ಮಾಡಿಸಿ ಒಯ್ದೆ. ಹಿರಿಯರು ಕನ್ನಡಕ ಏರಿಸಿ, ಹೆಡ್‌ಲೈಟ್, ಗ್ರಿಲ್ ಯಾವುದನ್ನೂ ನೋಡದೆ, ಮುಂದಿನ ಚಕ್ರದ ಮೇಲಿಂದ ಬೆರಳು ಇಟ್ಟು ಗೆರೆಯ ಮೇಲೇ ನಿಧಾನವಾಗಿ ಎಳೆದುಕೊಂಡು ಹೋದರು. ಬಾಗಿಲು ದಾಟಿತು. ಹಿಂದಿನ ಚಕ್ರದ ಮೇಲೆ ಬೆರಳು ನಿಂತಿತು.

"ಜೋಡಣೆ ಇಲ್ಲೇ ಇತ್ತು" ಅಂದರು.

ಗೆರೆ ಅಲ್ಲಿ ಅಲುಗಾಡಿರಲಿಲ್ಲ. ಫೋಟೊವನ್ನು ಮನೆಯ ಹಾಲ್‌ನಲ್ಲಿ ಹಾಕುತ್ತಾರೆ ಅಂದುಕೊಂಡಿದ್ದೆ. ಗರಾಜಿನ ಗೋಡೆಗೆ, ಆ ಹಳೇ ಟ್ಯೂಬ್‌ಲೈಟಿನ ಕೆಳಗೆ ಮೊಳೆ ಹೊಡೆದು ಹಾಕಿದ್ದಾರೆ.