ಹಳೆ ಬುಲೆಟ್‌ಗೆ ಟೈರ್ ಹಾಕಿಸಿದ್ದು: ರೇಡಿಯಲ್ಲೋ, ಬಯಾಸ್ ಪ್ಲೈಯೋ?

ಟೈರಿನಲ್ಲಿ ರೇಡಿಯಲ್, ಬಯಾಸ್ ಪ್ಲೈ ಎಂದು ಎರಡು ಬಗೆ, ಒಳಗಿನ ದಾರದ ಜೋಡಣೆ ಬೇರೆಬೇರೆ. ಹಳೆ ಬೈಕಿಗೆ ರೇಡಿಯಲ್ ಹಾಕಿಸಲೋ, ಬಯಾಸ್ ಪ್ಲೈ ಹಾಕಿಸಲೋ ಎಂದು ಯಾರಾದರೂ ಕೇಳಿದರೆ ನಾನು ಮೊದಲು ವಿಚಾರಿಸುವುದು ರಿಮ್ಮಿನ ಅಗಲ. ಕಂಪನಿ, ಬೆಲೆ, ಗ್ರಿಪ್ಪಿನ ಡಿಸೈನ್ ಎಲ್ಲ ಆಮೇಲೆ.

ನನ್ನದು ಎರಕದ ಕಬ್ಬಿಣದ ಇಂಜಿನ್ನಿನ ಹಳೆ ಬುಲೆಟ್ 350. ಕಡ್ಡಿ ಚಕ್ರ, ಟ್ಯೂಬ್ ಟೈರ್, ಹಿಂದೆ ಮುಂದೆ ಎರಡಕ್ಕೂ 3.25-19 ಸೈಜು, ಅಂದರೆ ಟೈರಿನ ಅಗಲ 3.25 ಇಂಚು, ರಿಮ್ 19 ಇಂಚಿನದು. ಮನೆ ಶಿರಸಿ ಹತ್ತಿರ, ಕೆಲಸ ಕುಮಟಾ, ಅಂಕೋಲಾ ಕಡೆ. ಹಾಗಾಗಿ ದೇವಿಮನೆ ಘಟ್ಟ ಇಳಿದು ಹತ್ತುವುದು ತಪ್ಪಿದ್ದಲ್ಲ. ಮಳೆಗಾಲದಲ್ಲಿ ಆ ದಾರಿ ಗೊತ್ತಲ್ವಾ? ತಿರುವಿನಲ್ಲಿ ಕೆಂಪು ಮಣ್ಣು ಹರಿದು ಬಂದಿರುತ್ತದೆ. ಬಿಸಿಲೇ ಬೀಳದ ಜಾಗದಲ್ಲಿ ಹಾವಸೆ ಕಟ್ಟಿರುತ್ತದೆ. ಅದರ ಮೇಲೆ ಯಾವುದೋ ಲಾರಿ ಚೆಲ್ಲಿದ ಡೀಸೆಲ್. ಅಲ್ಲಿ ಟೈರು ಚೆನ್ನಾಗಿರಲೇಬೇಕು.

ಹಳೆ ಟೈರುಗಳ ಗ್ರಿಪ್ ಇನ್ನೂ ಸ್ವಲ್ಪ ಉಳಿದಿತ್ತು. ಆದರೆ ಬದಿಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು, ರಬ್ಬರ್ ಉಗುರಿಗೆ ಗಟ್ಟಿಯಾಗಿ ಸಿಗುತ್ತಿತ್ತು. ಮಳೆ ಶುರುವಾಗುವ ಮೊದಲೇ ಬದಲಾಯಿಸಬೇಕು ಎಂದು ತೀರ್ಮಾನಿಸಿದೆ. ಆಗ ಅಣ್ಣನ ಮಗ ಹೇಳಿದ, "ಚಿಕ್ಕಪ್ಪ, ಈಗೆಲ್ಲ ರೇಡಿಯಲ್ಲೇ. ಅದನ್ನೇ ಹಾಕಿಸು, ಹಿಡಿತ ಜಾಸ್ತಿ." ಅವನ ಮಾತಿನಲ್ಲಿ ಸತ್ಯ ಇತ್ತು. ಅದಕ್ಕೇ ಸುಮ್ನೆ ತಳ್ಳಿಹಾಕದೆ ಕೂತು ನೋಡಿದೆ.

ಎರಡರ ವ್ಯತ್ಯಾಸ ಇರುವುದು ರಬ್ಬರಿನ ಒಳಗೆ. ಬಯಾಸ್ ಪ್ಲೈಯಲ್ಲಿ ನೈಲಾನ್ ದಾರದ ಪದರಗಳು ಓರೆಯಾಗಿ, ಒಂದನ್ನೊಂದು ದಾಟಿ ಹೋಗುತ್ತವೆ, ಚಾಪೆ ಹೆಣೆದ ಹಾಗೆ. ಬದಿಗೂ ನೆಲ ಮುಟ್ಟುವ ಭಾಗಕ್ಕೂ ಅದೇ ಪದರ. ಅದರಿಂದ ಬದಿ ಗಟ್ಟಿ, ಭಾರ ಹೊರುತ್ತದೆ, ಗುಂಡಿಯ ಅಂಚಿಗೆ ಬಡಿದರೂ ಸುಲಭಕ್ಕೆ ಬಗ್ಗುವುದಿಲ್ಲ. ಆದರೆ ಓಡುವಾಗ ಪದರಗಳು ಒಂದಕ್ಕೊಂದು ತಿಕ್ಕಿ ಬಿಸಿಯಾಗುತ್ತವೆ. ರೇಡಿಯಲ್‌ನಲ್ಲಿ ದಾರ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗುತ್ತದೆ. ನೆಲ ಮುಟ್ಟುವ ಭಾಗದಲ್ಲಿ ಮಾತ್ರ ಮೇಲಿಂದ ಬೆಲ್ಟ್ ಇರುತ್ತದೆ. ಬದಿ ಮೆದುವಾಗಿ ಬಾಗುತ್ತದೆ, ಮೇಲ್ಭಾಗ ಚೆನ್ನಾಗಿ ನೆಲಕ್ಕೆ ಕೂರುತ್ತದೆ, ಬಿಸಿ ಕಡಿಮೆ. ಮಿಶೆಲಿನ್ ಕಂಪನಿ ಇದಕ್ಕೆ ಪೇಟೆಂಟ್ ಮಾಡಿಸಿದ್ದು 1946ರಲ್ಲಿ. ಬೈಕುಗಳಿಗೆ ಇದು ಬಂದದ್ದು 1980ರ ದಶಕದಲ್ಲಿ, ಅದೂ ವೇಗದ ದೊಡ್ಡ ಬೈಕುಗಳಿಗೆ. ನನ್ನ ಬುಲೆಟ್ಟಿನ ವಿನ್ಯಾಸ ಅದಕ್ಕಿಂತ ಎಷ್ಟೋ ಹಳೆಯದು.

ಟೈರಿನ ಮೇಲಿನ ಬರಹ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. 3.25-19 ಎಂದು ನಡುವೆ ಗೆರೆ ಇದ್ದರೆ ಬಯಾಸ್. 110/80 ಆರ್ 19 ಎಂದು ನಡುವೆ ಆರ್ ಇದ್ದರೆ ರೇಡಿಯಲ್.

19 ಇಂಚಿಗೆ ಅಂಗಡಿಯವರು ನನಗೆ ತೋರಿಸಿದ ರೇಡಿಯಲ್ ಇದೇ 110/80, ಅಂದರೆ 110 ಮಿಲಿಮೀಟರ್ ಅಗಲದ್ದು. ಈಗಿನ ದೊಡ್ಡ ಟೂರಿಂಗ್ ಬೈಕುಗಳ ಮುಂದಿನ ಚಕ್ರದ ಸೈಜು ಅದು. ಅದಕ್ಕೆ ರಿಮ್ 2.5 ಇಂಚು ಇದ್ದರೆ ಸರಿ, ಕನಿಷ್ಠ 2.15 ಬೇಕು. ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿಸಿ, ಟೈರು ತೆಗೆಸಿ, ರಿಮ್ಮಿನ ಎರಡು ತುಟಿಗಳ ಒಳ ಅಂತರ ಅಳೆದೆ. 47 ಮಿಲಿಮೀಟರ್. ಅಂದರೆ 1.85 ಇಂಚು. ತುಕ್ಕು ಉಜ್ಜಿದಾಗ ರಿಮ್ಮಿನ ಮೇಲೂ ಡಬ್ಲ್ಯೂಎಂ2 ಎಂದು ಕಂಡಿತು. ಅದರ ಅಗಲ 1.85 ಇಂಚೇ.

ಇಲ್ಲಿಗೆ ನನಗೆ ಉತ್ತರ ಸಿಕ್ಕಿತು. ಕಿರಿದಾದ ರಿಮ್ಮಿಗೆ ಅಗಲದ ರೇಡಿಯಲ್ ತುರುಕಿದರೆ ಅಂಚುಗಳು ಒಳಕ್ಕೆ ಎಳೆದುಕೊಳ್ಳುತ್ತವೆ, ನಡುಭಾಗ ಉಬ್ಬುತ್ತದೆ. ನೆಲಕ್ಕೆ ಚೆನ್ನಾಗಿ ಕೂರುವುದೇ ರೇಡಿಯಲ್ಲಿನ ಹೆಚ್ಚುಗಾರಿಕೆ, ಅದೇ ಹೋಗಿಬಿಡುತ್ತದೆ. ಮೆದು ಬದಿಗೆ ರಿಮ್ಮಿನ ಆಸರೆಯೂ ಸಿಗದೆ ತಿರುವಿನಲ್ಲಿ ಬೈಕು ಓಲಾಡುತ್ತದೆ. ಮೆಕ್ಯಾನಿಕ್ ಹೇಳಿದರು, "ಹೆಗಡೇರೇ, ಅಗಲದ ರಿಮ್ ಕಟ್ಟಿಸಿ ಕೊಡುವಾ. ಆದ್ರೆ ಹಿಂದೆ ಚೈನಿಗೆ ತಾಗ್ತದೋ ನೋಡ್ಬೇಕು, ಮಡ್‌ಗಾರ್ಡೂ ಎತ್ತಬೇಕು." ಡ್ರಮ್ ಬ್ರೇಕಿನ ಬೈಕು, ಘಟ್ಟದಲ್ಲಿ ಐವತ್ತು, ಹೆದ್ದಾರಿ 66ರಲ್ಲಿ ಎಪ್ಪತ್ತರ ವೇಗ. ಆ ವೇಗದಲ್ಲಿ ಬಯಾಸ್ ಟೈರು ಬಿಸಿಯಾಗಿ ಸೋಲುವ ಪ್ರಶ್ನೆಯೇ ಇಲ್ಲ. ಅಷ್ಟಕ್ಕೆ ಇಡೀ ಚಕ್ರ ಬದಲಿಸುವುದು ನನಗೆ ಸರಿ ಕಾಣಲಿಲ್ಲ.

ಹೀಗೆ ಎರಡಕ್ಕೂ ಬಯಾಸ್ ಪ್ಲೈಯನ್ನೇ, ಅದೇ 3.25-19 ಸೈಜಿನಲ್ಲಿ ತೆಗೆದುಕೊಂಡೆ. 54 ಪಿ ಎಂದು ಬರೆದದ್ದು. 54 ಎಂದರೆ ಒಂದು ಟೈರು 212 ಕೆಜಿ ಹೊರುತ್ತದೆ, ಪಿ ಎಂದರೆ 150 ಕಿಮೀ ವೇಗದವರೆಗೆ. ಹೆಂಡತಿ ಹಿಂದೆ ಕೂತು, ಒಂದು ಚೀಲ ಅಡಿಕೆ ಇಟ್ಟರೂ ಸಾಕು.

ಟೈರು ಕೊಳ್ಳುವಾಗ ನಾನು ಪಟ್ಟು ಹಿಡಿದದ್ದು ತಯಾರಾದ ದಿನಾಂಕಕ್ಕೆ. ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2219 ಎಂದರೆ 2019ರ 22ನೇ ವಾರ. ಹಳೆ ಸೈಜಿನ ಟೈರು ಬೇಗ ಖರ್ಚಾಗುವುದಿಲ್ಲ, ಅಟ್ಟದ ಮೇಲೆ ವರ್ಷಗಟ್ಟಲೆ ಕೂತಿರುತ್ತದೆ. ಒಂದು ಅಂಗಡಿಯವರು ಹೊಸದೇ ಎಂದು ಕೊಟ್ಟದ್ದು ನಾಲ್ಕು ವರ್ಷ ಹಳೆಯದಾಗಿತ್ತು. ವಾಪಸ್ ಕೊಟ್ಟು ಬೇರೆ ಕಡೆ ತರಿಸಿಕೊಂಡೆ. ಒದ್ದೆ ಘಟ್ಟದಲ್ಲಿ ಗಟ್ಟಿಯಾದ ರಬ್ಬರ್ ಜಾರುತ್ತದೆ. ಅದು ರೇಡಿಯಲ್ ಆದರೂ ಅಷ್ಟೇ.

ಕಡಲ ತೀರದ ಉಪ್ಪುಗಾಳಿ ಕಡ್ಡಿಗಳನ್ನು ತಿನ್ನುತ್ತದೆ. ಅದಕ್ಕೆ ಟೈರು ಹಾಕುವ ಮೊದಲು ತುಕ್ಕು ಕೆರೆಸಿ, ಹೊಸ ಟ್ಯೂಬಿನ ಜೊತೆ ಹೊಸ ರಿಮ್ ಟೇಪೂ ಹಾಕಿಸಿದೆ. ಹಳೆ ಟೇಪು ಹರಿದರೆ ಕಡ್ಡಿಯ ತಲೆ ಟ್ಯೂಬಿಗೆ ಚುಚ್ಚುತ್ತದೆ. ಗಾಳಿ ಮುಂದೆ 20 ಪಿಎಸ್‌ಐ, ಹಿಂದೆ 30, ಇಬ್ಬರು ಕೂತರೆ ಹಿಂದೆ 32. ಮೊದಲ ನೂರೈವತ್ತು ಕಿಲೋಮೀಟರ್ ಬೈಕನ್ನು ಜಾಸ್ತಿ ಮಲಗಿಸಲಿಲ್ಲ, ಹೊಸ ರಬ್ಬರಿನ ನುಣುಪು ಹೋಗಲಿ ಎಂದು. ಆಮೇಲೆ ಆ ಮಳೆಗಾಲ ಪೂರ್ತಿ ದೇವಿಮನೆಯ ತಿರುವುಗಳಲ್ಲಿ ಮುಂದಿನ ಚಕ್ರ ಹೇಳಿದ ಕಡೆ ಹೋಯಿತು.

ಅಣ್ಣನ ಮಗನ ಬೈಕು ಯಮಹಾ ಎಫ್‌ಜಡ್16ರ ಲೆಕ್ಕ ಬೇರೆ. 2008ರಲ್ಲಿ ಬಂದ ಆ ಮಾಡೆಲ್ಲಿಗೆ ಕಂಪನಿಯೇ ಹಿಂದೆ 140/60 ಆರ್ 17 ರೇಡಿಯಲ್, ಮುಂದೆ 100/80-17 ಬಯಾಸ್ ಕೊಟ್ಟಿತ್ತು. ರಿಮ್ಮು, ಸಸ್ಪೆನ್ಷನ್ ಎಲ್ಲ ಅದಕ್ಕೆ ತಕ್ಕಂತೆ ಮಾಡಿದ್ದು. ಹಿಂದಿನ ಟೈರು ಸವೆದಾಗ ಕಡಿಮೆ ಬೆಲೆಗೆ ಬಯಾಸ್ ಸಿಗುತ್ತದೆ ಎಂದು ಯಾರೋ ಅವನಿಗೆ ಹೇಳಿದ್ದರು. ಬೇಡ, ಅದಕ್ಕೆ ರೇಡಿಯಲ್ಲೇ ಹಾಕಿಸು ಎಂದೆ. ಮುಂದಕ್ಕೆ ರೇಡಿಯಲ್, ಹಿಂದಕ್ಕೆ ಬಯಾಸ್ ಎಂಬ ಜೋಡಿಯನ್ನಂತೂ ಯಾವ ಬೈಕಿಗೂ ಮಾಡಬೇಡ, ತಿರುವಿನಲ್ಲಿ ಎರಡೂ ಬೇರೆಬೇರೆ ರೀತಿ ಬಾಗುತ್ತವೆ ಎಂದೂ ಹೇಳಿದೆ. ಅವನು ರೇಡಿಯಲ್ಲನ್ನೇ ಹಾಕಿಸಿದ, ನಾಲ್ಕು ಅಂಕಿ ನೋಡಿಯೇ ತಂದ.