ಹೋದ ಗೂಡ್ಸ್ ವಾಪಸ್ ಬಂದೇ ಬರುತ್ತದೆ

ಪ್ಯಾಸೆಂಜರ್ ಗಾಡಿ ಎಲ್ಲಿದೆ ಅಂತ ಮೊಬೈಲ್ ಹೇಳುತ್ತದೆ. ಗೂಡ್ಸ್ ಎಲ್ಲಿದೆ ಅಂತ ನಮ್ಮಂಥವರಿಗೆ ಯಾರೂ ಹೇಳುವುದಿಲ್ಲ. ಆದರೂ ಗೋವಾದ ಮುರಗಾಂವ್ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಹೊತ್ತು ಹೋದ ರೇಕ್ (ಒಟ್ಟಿಗೆ ಓಡುವ ವ್ಯಾಗನ್‌ಗಳ ಸಾಲು) ಖಾಲಿಯಾಗಿ ಮತ್ತೆ ಧಾರವಾಡ ದಾಟುವುದು ಯಾವಾಗ ಅಂತ ನಾನೀಗ ಹತ್ತರಲ್ಲಿ ಆರೇಳು ಸಲ ಸರಿಯಾಗಿ ಹೇಳುತ್ತೇನೆ. ಸರಿ ಅಂದರೆ ಎರಡು ಗಂಟೆ ಆಚೀಚೆ. "ಗೂಡ್ಸಿಗೆ ಎಲ್ಲೀದಲೇ ಟೈಮು?" ಅಂತ ನಕ್ಕಿದ್ದ ಗದಗಿನ ಗೆಳೆಯನೇ ಈಗ ದಿನಾ ವ್ಯಾಗನ್ ನಂಬರ್ ಕಳಿಸುತ್ತಾನೆ.

ಮೊದಲು ಇಂಜಿನ್ ನಂಬರ್ ಹಿಡಿದು ಹೊರಟಿದ್ದೆ. ಎಲ್ಲರೂ ಮಾಡುವುದು ಅದನ್ನೇ ಅಲ್ವಾ? ಕೆಲಸಕ್ಕೆ ಬರಲಿಲ್ಲ. ಗೋವಾ ಗಡಿಯ ಘಾಟಿಯಲ್ಲಿ 37ಕ್ಕೆ 1ರ ಏರು, ಅಂದರೆ 37 ಮೀಟರ್ ಹೋದರೆ ಒಂದು ಮೀಟರ್ ಮೇಲೆ. ಕುಳೇಂನಲ್ಲಿ ಹಿಂದಿನಿಂದ ದೂಡಲು ಹಚ್ಚಿದ ಬ್ಯಾಂಕರ್ ಇಂಜಿನ್‌ಗಳು ಕ್ಯಾಸಲ್‌ರಾಕ್‌ನಲ್ಲಿ ಕಳಚುತ್ತವೆ. ಮುಂದಿನ ಇಂಜಿನ್ ಹುಬ್ಬಳ್ಳಿಯಲ್ಲಿ ಬೇರೆ ಗಾಡಿಗೆ ಹೋಗಿಬಿಡುತ್ತದೆ. ಗಾರ್ಡ್ ಡಬ್ಬಿಯನ್ನೂ ನಂಬುವಂತಿಲ್ಲ. ಆಮೇಲೆ ಸರಾಸರಿ ಗಂಟೆಗಳ ಲೆಕ್ಕ ಹಾಕಿದೆ. ಅದೂ ತೋಪು. ಒಂದು ರೇಕ್ ಎರಡು ದಿನಕ್ಕೆ ಬಂದರೆ ಇನ್ನೊಂದು ನಾಲ್ಕು ದಿನವಾದರೂ ಪತ್ತೆ ಇಲ್ಲ.

ದುಡ್ಡೂ ಹೋಯಿತು. ಸೆಕೆಂಡ್ ಹ್ಯಾಂಡ್ ಝೂಮ್ ಕ್ಯಾಮೆರಾ ಒಂದಕ್ಕೆ ಇಪ್ಪತ್ತೆರಡು ಸಾವಿರದ ಹತ್ತಿರ. ಬೆಳಕು ಇಳಿದ ಮೇಲೆ ಅದರಲ್ಲಿ ಬರೀ ಕಪ್ಪು. ತಿಂಗಳಿಗೆ ದುಡ್ಡು ಕಟ್ಟಿಸಿಕೊಂಡ ಒಂದು ಆ್ಯಪ್ ತೋರಿಸಿದ್ದು ಸುಮ್ನೆ ಪ್ಯಾಸೆಂಜರ್ ಗಾಡಿಗಳನ್ನೇ. ಮುಗದ, ಕಂಬಾರಗಣವಿ ಅಂತ ಓಡಾಡಿ ಸುಟ್ಟ ಪೆಟ್ರೋಲಿನ ಲೆಕ್ಕ ಇಟ್ಟಿಲ್ಲ, ಇಡುವುದೂ ಇಲ್ಲ.

ಕೊನೆಗೆ ಕೈಹಿಡಿದದ್ದು ವ್ಯಾಗನ್. ಈ ಕಲ್ಲಿದ್ದಲು ರೇಕ್‌ಗಳಲ್ಲಿ ಹೆಚ್ಚಿನವು ಒಡೆಯದೆ ಇಡಿಯಾಗಿ ತಿರುಗುತ್ತವೆ. ಒಂದು ರೇಕಿನ 58-59 ವ್ಯಾಗನ್‌ಗಳಲ್ಲಿ, ಅಂದರೆ ಮೇಲೆ ತೆರೆದ ಬಾಕ್ಸ್‌ಎನ್‌ಗಳಲ್ಲಿ ಮೂರು ವಿಚಿತ್ರದವನ್ನು ಆರಿಸಿಕೊಳ್ಳುತ್ತೇನೆ. ಒಂದರ ಪಕ್ಕೆ ಹೊರಗೆ ಉಬ್ಬಿರುತ್ತದೆ. ಇನ್ನೊಂದರ ಬಾಗಿಲಿಗೆ ಹೊಸ ತಗಡಿನ ತೇಪೆ, ಅದರ ಸುತ್ತ ವೆಲ್ಡಿಂಗ್ ಗುರುತು, ಮೇಲೆ ಬಣ್ಣವಿಲ್ಲ. ಮೂರೇ ಯಾಕೆ ಅಂದರೆ, ವ್ಯಾಗನ್ ಬೋರಲು ಹಾಕಿ ಕಲ್ಲಿದ್ದಲು ಸುರಿಸುವ ಟಿಪ್ಲರ್‌ಗೆ ಕೊಡುವಾಗ ರೇಕನ್ನು ತುಂಡು ಮಾಡಿ ಮತ್ತೆ ಜೋಡಿಸುವುದುಂಟು, ಆಗ ಸಾಲು ಬದಲಾಗುತ್ತದೆ. ತುಂಡು ಮಾಡದಿದ್ದರೂ ವಾಪಸ್ ಬರುವಾಗ ಇಂಜಿನ್ ಇನ್ನೊಂದು ತುದಿಗೆ ಬಂದಿರುತ್ತದೆ. ಹೋಗುವಾಗ ಮುಂದಿನಿಂದ ಎಂಟನೆಯದಿದ್ದದ್ದು ಬರುವಾಗ ಹಿಂದಿನಿಂದ ಎಂಟನೆಯದು. ಗಾಡಿ ನೋಡುವ ನಮ್ಮ ಗುಂಪಿನಲ್ಲಿ ಅರ್ಧ ಜಗಳ ಇದರಿಂದಲೇ ಆಗುತ್ತಿತ್ತು. ಮತ್ತೆ, ಇಂಜಿನ್ ತುದಿ ಬದಲಾದರೂ ವ್ಯಾಗನ್ ತಿರುಗುವುದಿಲ್ಲ. ಹಾಗಾಗಿ ಎರಡೂ ಸಲ ಹಳಿಯ ಒಂದೇ ಬದಿ ನಿಲ್ಲಬೇಕು, ಇಲ್ಲದಿದ್ದರೆ ತೇಪೆ ಕಾಣಿಸುವುದೇ ಇಲ್ಲ.

ನಂಬರ್ ಓದಲು ಫೋನೇ ಸಾಕು, ಶಟರ್ ವೇಗವನ್ನು ಸೆಕೆಂಡಿನ ಸಾವಿರದಲ್ಲಿ ಒಂದಕ್ಕೆ ಇಡಿ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಅಷ್ಟರಲ್ಲಿ ಹೆಚ್ಚೂಕಡಿಮೆ ಒಂದೂಮುಕ್ಕಾಲು ಸೆಂಟಿಮೀಟರ್ ಸರಿಯುತ್ತದೆ. ನೂರರಲ್ಲಿ ಒಂದಕ್ಕೆ ಇಟ್ಟರೆ ಮುಕ್ಕಾಲು ಗೇಣಿನಷ್ಟು ಕಲಸಿಹೋಗುತ್ತದೆ. ವ್ಯಾಗನ್ ನಂಬರಿನ ಹನ್ನೊಂದು ಅಂಕಿಯಲ್ಲಿ ಒಂದು ತುಕ್ಕು ಹಿಡಿದು ಅಳಿಸಿದ್ದರೂ ಚಿಂತೆ ಇಲ್ಲ. ಸಮ ಸ್ಥಾನದ ಅಂಕಿಗಳನ್ನು ಕೂಡಿಸಿ ಮೂರರಿಂದ ಗುಣಿಸಿ, ಬೆಸ ಸ್ಥಾನದವನ್ನು (ಕೊನೆಯ, ಹನ್ನೊಂದನೆಯ ಚೆಕ್ ಅಂಕಿಯೂ ಅದರಲ್ಲೇ ಬಂತು) ಸೇರಿಸಿದರೆ ಮೊತ್ತ ಹತ್ತರ ಮಗ್ಗಿಯಲ್ಲಿ ಬರಲೇಬೇಕು. ಅಳಿಸಿದ ಅಂಕಿ ತಾನಾಗಿ ಸಿಗುತ್ತದೆ. ಎರಡು ಅಳಿಸಿದ್ದರೆ ಬಿಟ್ಟುಬಿಡಿ.

ಇದರ ಮಧ್ಯೆ ಶಬ್ದ ರೆಕಾರ್ಡ್ ಮಾಡಿ ವ್ಯಾಗನ್ ಎಣಿಸುವ ಹುಚ್ಚೂ ಹತ್ತಿತ್ತು. ಬಾಕ್ಸ್‌ಎನ್ ಒಂದರ ಉದ್ದ 10.7 ಮೀಟರ್. ಹತ್ತು ವ್ಯಾಗನ್ ದಾಟಲು ಎಷ್ಟು ಸೆಕೆಂಡ್ ಅಂತ ನೋಡಿದರೆ ವೇಗ ಚೆನ್ನಾಗಿ ಸಿಗುತ್ತದೆ. ಆದರೆ ಬೆಸುಗೆ ಹಾಕಿದ ಉದ್ದ ಹಳಿಯ ಮೇಲೆ ಟಕ್ ಟಕ್ ಎಲ್ಲಿಂದ ಬರಬೇಕು? ಕಣ್ಣಿಂದಲೇ ಎಣಿಸಿದೆ. ಗೇಟ್‌ಮನ್ ಒಬ್ಬರು ಕೇಳಿಯೇ ಬಿಟ್ಟರು, "ಡಬ್ಬಿ ಎಣಿಸಿದ್ರ ಪಗಾರ ಕೊಡ್ತಾರೇನ್ರಿ ಸರ?"

ಹೊತ್ತು ಹೇಳುವ ಲೆಕ್ಕಕ್ಕೆ ಲೋಡ್ ಹೋದ ಸಮಯ ಬೇಡ. ಖಾಲಿ ರೇಕ್ ಗದಗ ದಾಟಿದ ಸಮಯ ಬೇಕು. ಅಲ್ಲಿಂದ ಹುಬ್ಬಳ್ಳಿಗೆ ಹತ್ತಿರ ಹತ್ತಿರ 60 ಕಿಲೋಮೀಟರ್. ಆಮೇಲೆ ಪ್ಯಾಸೆಂಜರ್ ವೇಳಾಪಟ್ಟಿಯಲ್ಲಿ ಲೊಂಡಾ ಕಡೆಗೆ ಎಲ್ಲಿ ದೊಡ್ಡ ಸಂದಿ ಇದೆ ನೋಡಿ, ಗೂಡ್ಸ್ ಸಾಮಾನ್ಯವಾಗಿ ಅಲ್ಲೇ ನುಸುಳುತ್ತದೆ. ಹುಬ್ಬಳ್ಳಿಯಲ್ಲಿ ನಿಂತ ರೇಕ್ ಅದೇ ಸಂದಿಗೆ ಹೊರಡುತ್ತದೋ ಮುಂದಿನದಕ್ಕೋ ಅಂತ ತಿಳಿಯಲು ಒಂದು ಗುರುತಿದೆ. ಅದನ್ನು ಬರೆಯುವುದಿಲ್ಲ, ಎರಡು ಮಳೆಗಾಲ ನೆನೆದು ಕಲಿತದ್ದು.

ಗುಂಪಿನಲ್ಲಿ ಹಾಕುವಾಗ ಸ್ಥಳ, ಸಮಯ, ದಿಕ್ಕು, ಲೋಡೋ ಖಾಲಿಯೋ, ಮೂರು ವ್ಯಾಗನ್ ನಂಬರ್ ಇಷ್ಟಿದ್ದರೆ ಸಾಕು. ಮಿಲಿಟರಿ ಗಾಡಿ ಕಂಡರೆ ಫೋಟೋನೂ ಬೇಡ, ಮಾತೂ ಬೇಡ. ಹಳಿಯ ಮೇಲೆ ಇಳಿದು ತೆಗೆದ ಫೋಟೋವನ್ನು ನಾವು ತೆಗೆದುಕೊಳ್ಳುವುದೇ ಇಲ್ಲ.

ಕೊಪ್ಪಳದ ಹತ್ತಿರ ಬೆಳಗಿನ ಜಾವ ಏಳುವವರು ಯಾರಾದರೂ ಇದ್ದರೆ ಬನ್ನಿ. ಅಲ್ಲಿ ನಮ್ಮವರು ಒಬ್ಬರೂ ಇಲ್ಲ. ತಪ್ಪಿಹೋಗುವ ಮೂರು ನಾಲ್ಕು ರೇಕ್‌ಗಳಲ್ಲಿ ಹೆಚ್ಚಿನವು ಆ ಹೊತ್ತಿನವೇ.