ಹಳೆ ಕಂಪ್ಯೂಟರಿನಲ್ಲಿ ವಂಶವೃಕ್ಷದ ಸಾಫ್ಟ್‌ವೇರ್: ವೇಗ ಅಳೆಯುವುದು ಹೇಗೆ?

ಇನ್ನೂರು ಮುನ್ನೂರು ಹೆಸರುಗಳ ವಂಶವೃಕ್ಷವನ್ನು ಎಂಥ ಹಳೆ ಕಂಪ್ಯೂಟರೂ ಸಲೀಸಾಗಿ ನಿಭಾಯಿಸುತ್ತದೆ. ಹೆಸರುಗಳು ಹತ್ತಿಪ್ಪತ್ತು ಸಾವಿರ ಮುಟ್ಟಿದಾಗ ಕ್ಲಿಕ್ಕಿಗೊಮ್ಮೆ ಕಾಯುವ ಪಾಡು ಶುರುವಾಗಬಹುದು. ಹೊಸ ರ‍್ಯಾಮ್ ಕೊಳ್ಳುವ ಮುಂಚೆ ತಡ ಆಗುತ್ತಿರುವುದು ಡಿಸ್ಕಿನಲ್ಲೋ, ರ‍್ಯಾಮಿನಲ್ಲೋ, ಪ್ರೊಸೆಸರಿನಲ್ಲೋ, ಸಾಫ್ಟ್‌ವೇರಿನಲ್ಲೇ ಇದೆಯೋ ಎಂದು ಅಳೆದು ನೋಡಿ.

ಅಳತೆಗೆಂದೇ ಒಂದು ಜೆಡ್‌ಕಾಮ್ (GEDCOM, ವಂಶವೃಕ್ಷದ ಮಾಹಿತಿಯನ್ನು ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಒಯ್ಯುವ ರೂಪ) ಫೈಲ್ ಎತ್ತಿಡಿ. ಎಲ್ಲ ಕಂಪ್ಯೂಟರಿಗೂ ಅದೇ ಫೈಲ್. ಇದು ಬರೀ ಪಠ್ಯ, ನೋಟ್‌ಪ್ಯಾಡಿನಲ್ಲೇ ತೆರೆಯುತ್ತದೆ. ಸೊನ್ನೆಯಿಂದ ಶುರುವಾಗಿ ‘ಐಎನ್‌ಡಿಐ’ (INDI) ಎಂದು ಮುಗಿಯುವ ಒಂದೊಂದು ಸಾಲೂ ಒಬ್ಬ ವ್ಯಕ್ತಿ. ಆ ಸಾಲುಗಳನ್ನು ಎಣಿಸಿದರೆ ಫೈಲಿನ ಗಾತ್ರ ಸಿಕ್ಕಿತು. 1,000 ಮತ್ತು 10,000 ಜನರ ಎರಡು ಫೈಲುಗಳಿದ್ದರೆ ಇನ್ನೂ ಒಳ್ಳೆಯದು. ಜನ ಹತ್ತುಪಟ್ಟಾದಾಗ ಸಮಯವೂ ಸುಮಾರು ಹತ್ತುಪಟ್ಟಾದರೆ ಸರಿ. ನೂರುಪಟ್ಟಿನತ್ತ ಹೋದರೆ, ಸ್ವಾಪ್ (ರ‍್ಯಾಮ್ ಸಾಲದೆ ಡಿಸ್ಕನ್ನು ಬಳಸುವುದು) ನಡೆಯುತ್ತಿಲ್ಲವೆಂದಾದರೆ, ತೊಡಕು ಸಾಫ್ಟ್‌ವೇರ್ ಕೆಲಸ ಮಾಡುವ ರೀತಿಯಲ್ಲೇ ಇದೆ.

ಪ್ರತಿ ಸಲವೂ ಹೊಸ ಖಾಲಿ ಡೇಟಾಬೇಸ್‌ಗೇ ಇಂಪೋರ್ಟ್ ಮಾಡಿ. ಅಳತೆ ಕೆಡುವುದು ಹೆಚ್ಚಾಗಿ ಇಲ್ಲೇ: ಗ್ರಾಂಪ್ಸ್ ಎಂಬ ವಂಶವೃಕ್ಷದ ಸಾಫ್ಟ್‌ವೇರಿನಲ್ಲಿ ಇದ್ದ ವೃಕ್ಷದ ಮೇಲೇ ಅದೇ ಫೈಲ್ ಮತ್ತೆ ಹಾಕಿದರೆ ಜನ ಎರಡೆರಡಾಗುತ್ತಾರೆ, ಎರಡನೇ ಅಳತೆಗೆ ಅರ್ಥವೇ ಇರುವುದಿಲ್ಲ.

ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಡಿ, ಬ್ಯಾಟರಿಯಲ್ಲಿ ಪ್ರೊಸೆಸರ್ ವೇಗ ತಗ್ಗಬಹುದು. ಬ್ರೌಸರ್ ಮುಚ್ಚಿ. ವಿಂಡೋಸ್ 8 ಮತ್ತು ಅದರ ನಂತರದವುಗಳಲ್ಲಿ ‘ಶಟ್‌ಡೌನ್’ ಬದಲು ‘ರೀಸ್ಟಾರ್ಟ್’ ಒತ್ತಿ. ಬೇಗ ಶುರುವಾಗಲೆಂದು ಕೊಟ್ಟ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಆಗಿರುವುದಿಲ್ಲ. ಆಮೇಲೆ ಡಿಸ್ಕಿನ ದೀಪ ಮಿನುಗುವುದು ನಿಲ್ಲುವವರೆಗೆ ತಾಳ್ಮೆಯಿಂದ ಕಾಯಿರಿ.

ಈಗ ನಾಲ್ಕು ಕೆಲಸ ಅಳೆಯಿರಿ: ವೃಕ್ಷ ತೆರೆಯುವುದು, ಇಂಪೋರ್ಟ್, ಹೆಸರು ಹುಡುಕುವುದು, ಒಬ್ಬರ ಸಂತತಿಯ ಪಟ್ಟಿ ತೆಗೆಯುವುದು. ಕಿಟಕಿ ಕಾಣಿಸಿದ ತಕ್ಷಣ ಸ್ಟಾಪ್‌ವಾಚ್ ನಿಲ್ಲಿಸಬೇಡಿ. ಪಟ್ಟಿ ಸರಿಸಿದರೆ ಸರಿಯುತ್ತದೆ ಎಂದಾದ ಮೇಲೆ ನಿಲ್ಲಿಸಿ. ಎರಡು ಸೆಕೆಂಡಿಗಿಂತ ಕಡಿಮೆಯ ಕೆಲಸದಲ್ಲಿ ಬೆರಳಿನ ತಡವೇ ಲೆಕ್ಕ ಕೆಡಿಸುತ್ತದೆ, ಹತ್ತು ಸಲ ಮಾಡಿ ಭಾಗಿಸಿ.

ರೀಸ್ಟಾರ್ಟ್ ಆದ ಮೇಲಿನ ಮೊದಲ ಓಟವನ್ನು ಬೇರೆಯೇ ಬರೆದಿಡಿ. ಎರಡನೆಯದರಿಂದ ಫೈಲು ರ‍್ಯಾಮಿನಲ್ಲೇ ಕೂತಿರುತ್ತದೆ, ಡಿಸ್ಕಿಗೆ ಹೋಗುವ ಕೆಲಸವೇ ತಪ್ಪುತ್ತದೆ. ಮುಂದಿನ ಐದು ಓಟಗಳಲ್ಲಿ ಸರಾಸರಿ ಬೇಡ, ಏರಿಕೆಯಲ್ಲಿ ಜೋಡಿಸಿ ನಡುವಿನ ಅಂಕಿ ತೆಗೆದುಕೊಳ್ಳಿ. ನಡುವೆ ಆ್ಯಂಟಿವೈರಸ್ ಎದ್ದು ಕೆಡಿಸಿದ ಒಂದು ಓಟ ಹೀಗೆ ಬದಿಗೆ ಸರಿಯುತ್ತದೆ.

ಲಿನಕ್ಸ್‌ನಲ್ಲಿ ಕೆಲಸ ಇನ್ನೂ ನಿಖರ. ಗ್ರಾಂಪ್ಸ್ ಅನ್ನು ಟರ್ಮಿನಲ್‌ನಿಂದಲೇ ಇಂಪೋರ್ಟ್ ಮತ್ತು ಎಕ್ಸ್‌ಪೋರ್ಟ್‌ಗೆ ಹಚ್ಚಿ, ಆ ಆದೇಶದ ಮೊದಲಿಗೆ ‘ಟೈಮ್’ (time) ಸೇರಿಸಿದರೆ ರಿಯಲ್ (ಒಟ್ಟು ಕಳೆದ ಸಮಯ), ಯೂಸರ್ (ಪ್ರೊಸೆಸರ್ ಪ್ರೋಗ್ರಾಮಿಗಾಗಿ ದುಡಿದದ್ದು), ಸಿಸ್ (ಸಿಸ್ಟಮ್ಮಿನ ಕೆಲಸಕ್ಕಾಗಿ ದುಡಿದದ್ದು) ಎಂದು ಮೂರು ಅಂಕಿ ಬರುತ್ತವೆ. ರಿಯಲ್ 90 ಸೆಕೆಂಡು, ಯೂಸರ್ 30, ಸಿಸ್ 5 ಬಂತು ಅನ್ನಿ. ಉಳಿದ 55 ಸೆಕೆಂಡು ಪ್ರೊಸೆಸರ್ ಸುಮ್ಮನೆ ಕಾದಿದೆ, ಬಹುಪಾಲು ಡಿಸ್ಕಿಗಾಗಿ. ನಿಮಿಷಕ್ಕೆ 5,400 ಸುತ್ತಿನ ಹಾರ್ಡ್ ಡಿಸ್ಕಿಗೆ ಒಂದು ಸುತ್ತಿಗೇ 11 ಮಿಲಿಸೆಕೆಂಡು ಬೇಕು. ಡೇಟಾಬೇಸ್ ಅಲ್ಲಲ್ಲಿ ಚೂರುಚೂರು ಓದುವಾಗ ಆ ಕಾಯುವಿಕೆ ಸಾವಿರಾರು ಸಲ ಸೇರುತ್ತದೆ. ಅಂಥಲ್ಲಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ಹಾಕಿದರೆ ಫಲ ಕಣ್ಣಿಗೆ ಕಾಣುತ್ತದೆ.

ಆದರೆ ಡಿಸ್ಕನ್ನು ದೂರುವ ಮುಂಚೆ ಸ್ವಾಪ್ ನೋಡಿ. ಲಿನಕ್ಸ್‌ನ ‘ವಿಎಂಸ್ಟ್ಯಾಟ್’ (vmstat) ಓಡಿಸಿ, ಸ್ವಾಪ್ ತೋರಿಸುವ ‘ಎಸ್‌ಐ’ (si) ಮತ್ತು ‘ಎಸ್‌ಒ’ (so) ಅಂಕಣಗಳಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಬರುತ್ತಲೇ ಇದ್ದರೆ ಕೊರತೆ ರ‍್ಯಾಮಿನದು. ವಿಂಡೋಸ್‌ನಲ್ಲಿ ರಿಸೋರ್ಸ್ ಮಾನಿಟರ್‌ನ ‘ಹಾರ್ಡ್ ಫಾಲ್ಟ್ಸ್’ ಇದೇ ಸುಳಿವು ಕೊಡುತ್ತದೆ.

ನಾಲ್ಕು ಕೋರಿನ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್ 25% ತೋರಿಸಿದರೆ ಪ್ರೊಸೆಸರ್ ಬಿಡುವಾಗಿದೆ ಅಂದುಕೊಳ್ಳಬೇಡಿ. ಗ್ರಾಂಪ್ಸ್ ಪೈಥಾನ್‌ನಲ್ಲಿ ಬರೆದದ್ದು, ಭಾರವೆಲ್ಲ ಹೆಚ್ಚಾಗಿ ಒಂದೇ ಕೋರಿನ ಮೇಲೆ. ಆ ಕೋರು ಪೂರ್ತಿ ದುಡಿಯುತ್ತಿದೆ. ಐದನೇ ಓಟ ಎರಡನೆಯದಕ್ಕಿಂತ ನಿಧಾನವಾದರೆ ಕಾವು ಏರಿರಬಹುದು: ಫ್ಯಾನಿನ ಧೂಳು ತೆಗೆದು, ಪ್ರೊಸೆಸರಿನ ಮೇಲೆ ಒಣಗಿದ ಥರ್ಮಲ್ ಪೇಸ್ಟ್ (ಕಾವು ಸಾಗಿಸುವ ಲೇಪ) ಬದಲಿಸಿ, ತಣಿದ ಮೇಲೆ ಮತ್ತೆ ಅಳೆಯಿರಿ.